ಕಪ್ಪು ಮರಳು ಎಲ್ಲಿ ಹಾಕಿದರು ಅಂತ ಅಪ್ಪ ಕೇಳಿದರು

ಕಳೆದ ಬೇಸಿಗೆಯಲ್ಲಿ ಅಪ್ಪ ನಮ್ಮ ಮನೆಗೆ ಬಂದಿದ್ದರು, ಜರ್ಮನಿಯ ಡ್ಯೂಸೆಲ್ಡಾರ್ಫ್‌ಗೆ. ಅವರಿಗೆ ಇದೇ ಮೊದಲ ವಿಮಾನ ಪ್ರಯಾಣ. ಎಲ್ಲರ ಹಾಗೆ ನಾನೂ ಒಂದು ಪಟ್ಟಿ ಮಾಡಿ ಇಟ್ಟಿದ್ದೆ. ಕಲೋನ್‌ನ ದೊಡ್ಡ ಚರ್ಚು, ರೈನ್ ನದಿಯಲ್ಲಿ ದೋಣಿ, ಒಂದು ದಿನ ಆಮ್‌ಸ್ಟರ್‌ಡ್ಯಾಮ್. ಅಪ್ಪ ಎಲ್ಲದಕ್ಕೂ ಬಂದರು, ಎಲ್ಲವನ್ನೂ ನೋಡಿದರು, ಚೆನ್ನಾಗಿದೆ ಅಂದರು, ಸುಮ್ಮನಾದರು. ಅವರು ಬಾಯಿ ತುಂಬಾ ಮಾತಾಡಿದ್ದು ಮಾತ್ರ ನಮ್ಮ ಮನೆಯಿಂದ ಅರ್ಧ ಗಂಟೆ ದೂರದ ಡ್ಯೂಸ್‌ಬುರ್ಗ್‌ನಲ್ಲಿ, 40 ವರ್ಷದ ಹಿಂದೆ ಬೆಂಕಿ ಆರಿದ ಒಂದು ಕಬ್ಬಿಣದ ಕಾರ್ಖಾನೆಯಲ್ಲಿ.

ಅಪ್ಪ ಭದ್ರಾವತಿ ಹತ್ತಿರದ ಒಂದು ಫೌಂಡ್ರಿಯಲ್ಲಿ 31 ವರ್ಷ ಕೆಲಸ ಮಾಡಿದವರು. ಮೋಲ್ಡಿಂಗ್ ಸೆಕ್ಷನ್. ಅದರ ಹೆಸರು ಇಲ್ಲಿ ಬೇಡ, ಈಗ ಅಲ್ಲಿ ಆ ಬೋರ್ಡೂ ಇಲ್ಲ. ನಮ್ಮ ಊರಿನ ಹಳೆಯ ಹೆಸರೇ ಬೆಂಕಿಪುರ. 1923ರಲ್ಲಿ ವಿಶ್ವೇಶ್ವರಯ್ಯನವರ ಕಾರ್ಖಾನೆ ಇದ್ದಿಲು ಉರಿಸಿ ಕಬ್ಬಿಣ ತೆಗೆಯೋಕೆ ಶುರು ಮಾಡಿತಲ್ಲ, ಅಂದಿನಿಂದ ಊರಿನ ಮನೆಮನೆಗೂ ಕಬ್ಬಿಣದ ನಂಟು. ಸುತ್ತಮುತ್ತ ಹುಟ್ಟಿಕೊಂಡ ಸಣ್ಣ ಫೌಂಡ್ರಿಗಳೂ ಅದೇ ನಂಟಿನವು. 2023ರ ಜನವರಿಯಲ್ಲಿ ವಿಐಎಸ್‌ಎಲ್, ಅಂದರೆ ಅದೇ ವಿಶ್ವೇಶ್ವರಯ್ಯನವರ ಕಾರ್ಖಾನೆ, ಮುಚ್ಚುವ ತೀರ್ಮಾನ ಬಂದಾಗ ಅಪ್ಪ ಅಲ್ಲಿ ಕೆಲಸ ಮಾಡಿದವರಲ್ಲದಿದ್ದರೂ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ ಅಂತ ಅಮ್ಮ ಫೋನಿನಲ್ಲಿ ಹೇಳಿದ್ದಳು. ಕಾರ್ಖಾನೆಗೆ ಆಗ ಸರಿಯಾಗಿ ನೂರು ವರ್ಷ. ಅದೇ ವರ್ಷ ಒಂದು ಭಾಗ ಮತ್ತೆ ಶುರುವಾಯಿತು ಅನ್ನುವುದು ಬೇರೆ ಮಾತು.

ಅಪ್ಪನ ಫೌಂಡ್ರಿ ಮುಚ್ಚಿದ್ದು ಅದಕ್ಕಿಂತ ಮುಂಚೆಯೇ. ಸದ್ದಿಲ್ಲದೆ ಮುಚ್ಚಿತು. ಮಷೀನುಗಳು ಗುಜರಿಗೆ ಹೋದವು, ಶೆಡ್ಡಿನ ಶೀಟುಗಳನ್ನು ಬಿಚ್ಚಿದರು, ಆಮೇಲೆ ಎರಡು ಜೆಸಿಬಿ ಬಂದು ನೆಲ ಸಮ ಮಾಡಿ, ಮೇಲೆ ಕೆಂಪು ಮಣ್ಣು ಹೊಡೆದವು, ಕಲ್ಲು ನೆಟ್ಟು ಸೈಟ್ ಮಾಡಿ ಮಾರಿದರು. ಮೂವತ್ತು ನಲವತ್ತರ ಸೈಟುಗಳು. ಅಪ್ಪನ ಜೊತೆಯಲ್ಲೇ ಕೆಲಸ ಮಾಡಿದ ಒಬ್ಬರು ಪಿಎಫ್ ದುಡ್ಡಿನಲ್ಲಿ ಒಂದು ಸೈಟ್ ತಗೊಂಡರು. ಸಂಪ್‌ಗೆ ಗುಂಡಿ ತೆಗೆಸುವಾಗ ನಾಲ್ಕು ಅಡಿ ಕೆಳಗೆ ಕೆಂಪು ಮಣ್ಣು ಮುಗಿದು ಕಪ್ಪು ಮರಳು ಬಂತು. ನಾನು ಆಗ ರಜೆಯಲ್ಲಿ ಊರಿನಲ್ಲಿದ್ದೆ, ಅಪ್ಪನ ಜೊತೆ ನೋಡೋಕೆ ಹೋಗಿದ್ದೆ. ಒದ್ದೆ ಕಪ್ಪು ಮರಳು, ನಡುನಡುವೆ ಬೆರಳುದ್ದದ ಕಿಟ್ಟದ ಚೂರುಗಳು, ಕಬ್ಬಿಣ ಕರಗಿಸಿದಾಗ ಉಳಿಯುವ ಕಸ ಅದು. ಗುಂಡಿಯ ಒಂದು ಮೂಲೆಯಲ್ಲಿ ನಿಂತ ನೀರಿನ ಮೇಲೆ ನವಿಲುಗರಿಯ ಹಾಗೆ ಬಣ್ಣ ಬಣ್ಣದ ಎಣ್ಣೆ ಪೊರೆ. ಅಪ್ಪ ಒಂದು ಹಿಡಿ ಮರಳು ಎತ್ತಿ ಮೂಸಿ ನೋಡಿದರು. "ಇದು ಕೋರ್ ಶಾಪಿನ ಹಿಂದಗಡೆ ಜಾಗ" ಅಂದರು. ಅಷ್ಟೇ. ಮೂಸಿ ನೋಡಿಯೇ ಜಾಗ ಹೇಳಿದರು ಅನ್ನುವುದು ನನ್ನ ತಲೆಯಲ್ಲಿ ಉಳಿದುಬಿಟ್ಟಿತು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಎರಕ ಹೊಯ್ಯೋಕೆ ಮರಳಿನ ಅಚ್ಚು ಬೇಕು. ಮರಳಿಗೆ ಬೆಂಟೊನೈಟ್ ಜೇಡಿ, ಕಲ್ಲಿದ್ದಲ ಪುಡಿ, ನೀರು ಹಾಕಿ ಕಲಸುತ್ತಾರೆ. ಕರಗಿದ ಕಬ್ಬಿಣ ಹೊಯ್ದಾಗ ಅದು ಸುಟ್ಟು ಕಪ್ಪಾಗುತ್ತದೆ. ಮತ್ತೆ ಮತ್ತೆ ಬಳಸುತ್ತಾರೆ, ಕೊನೆಗೊಂದು ದಿನ ಕೈಲಾಗದು ಅಂತ ಎಸೆಯುತ್ತಾರೆ. ಬರೀ ಜೇಡಿ ಮರಳಾದರೆ ಅಷ್ಟೇನೂ ಭಯ ಇಲ್ಲ. ಆದರೆ ಎರಕದ ಒಳಗೆ ಟೊಳ್ಳು ಬರಲಿ ಅಂತ ಇಡುವ ಕೋರ್ ಇದೆಯಲ್ಲ, ಅದನ್ನು ರಾಳ ಹಾಕಿ ಗಟ್ಟಿ ಮಾಡುತ್ತಾರೆ. ಆ ರಾಳದಲ್ಲಿ ಎಷ್ಟೋ ಸಲ ಫೀನಾಲ್ ಅನ್ನುವ ವಿಷ ಇರುತ್ತದೆ. ಹಿತ್ತಾಳೆ, ಕಂಚು ಎರೆದಿದ್ದರೆ ಮರಳಿನಲ್ಲಿ ಸೀಸವೂ ಇರಬಹುದು. ಅದು ಯಾವ ಮರಳು, ಎಷ್ಟು ಆಳ, ಪಕ್ಕದ ಬೋರ್‌ವೆಲ್‌ಗೆ ಇಳಿದಿದೆಯಾ ಇಲ್ಲವಾ, ಯಾರೂ ಪರೀಕ್ಷೆ ಮಾಡಲಿಲ್ಲ. ಸೈಟ್ ತಗೊಂಡವರು ಅದೇ ಗುಂಡಿಗೆ ಸಿಮೆಂಟ್ ಹಾಕಿ ಸಂಪ್ ಕಟ್ಟಿಸಿದರು. ಬೇರೆ ಏನು ಮಾಡಬೇಕಿತ್ತು ಹೇಳಿ, ಇದ್ದ ದುಡ್ಡೆಲ್ಲ ಅಲ್ಲಿ ಸುರಿದಾಗಿತ್ತು.

ಹಾಗಾಗಿ ಅಪ್ಪನನ್ನು ಡ್ಯೂಸ್‌ಬುರ್ಗ್‌ಗೆ ಕರೆದುಕೊಂಡು ಹೋಗಬೇಕು ಅಂತ ನನಗೆ ಮೊದಲಿನಿಂದ ಇತ್ತು. ರೈಲಿಳಿದು 903 ನಂಬರಿನ ಟ್ರಾಮ್ ಹತ್ತಿದರೆ ಲಾಂಡ್‌ಶಾಫ್ಟ್‌ಪಾರ್ಕ್ ನಾರ್ಡ್ ಅಂತ ಒಂದು ಸ್ಟಾಪ್. ಇಳಿದು ಸ್ವಲ್ಪ ನಡೆದರೆ ಮರಗಳ ಹಿಂದೆ ತುಕ್ಕು ಬಣ್ಣದ ಬ್ಲಾಸ್ಟ್ ಫರ್ನೇಸ್, ಅದಿರಿನಿಂದ ಕಬ್ಬಿಣ ತೆಗೆಯುವ ದೊಡ್ಡ ಕುಲುಮೆ, ಕಾಣುತ್ತದೆ. ಅಪ್ಪ ನಿಂತುಬಿಟ್ಟರು. "ಇದನ್ನ ಇನ್ನೂ ಬಿಚ್ಚಿಲ್ವಾ?" ಅಂದರು.

ಬಿಚ್ಚಿಲ್ಲ. ಅದೇ ಈ ಜಾಗದ ಕಥೆ. 1901ರಲ್ಲಿ ಆಗಸ್ಟ್ ಥಿಸೆನ್ ಮೈಡೆರಿಶ್ ಅನ್ನುವ ಈ ಭಾಗದಲ್ಲಿ ಕಾರ್ಖಾನೆ ಶುರು ಮಾಡಿದ್ದು. ಒಟ್ಟು ಐದು ಫರ್ನೇಸುಗಳು. ಇಲ್ಲಿ ಬೇರೆ ಬೇರೆ ಕೆಲಸಕ್ಕೆ ಬೇಕಾದ ವಿಶೇಷ ಬೀಡು ಕಬ್ಬಿಣ ತೆಗೆಯುತ್ತಿದ್ದರು, ಹಾಗಾಗಿ ಕಂಪನಿಯೊಳಗೆ ಇದನ್ನು ಔಷಧಿ ಅಂಗಡಿ ಅಂತ ಕರೆಯುತ್ತಿದ್ದರಂತೆ. ಸುಮಾರು 80 ವರ್ಷದಲ್ಲಿ 3.7 ಕೋಟಿ ಟನ್ ಕಬ್ಬಿಣ ಹರಿದಿದೆ. ಯುರೋಪಿನಲ್ಲಿ ಉಕ್ಕು ಜಾಸ್ತಿಯಾಗಿ ಎಲ್ಲೆಡೆ ಉತ್ಪಾದನೆ ಇಳಿಸಬೇಕಾಗಿ ಬಂದಾಗ, 1985ರ ಏಪ್ರಿಲ್‌ನಲ್ಲಿ ಬೆಂಕಿ ಆರಿಸಿದರು. ಕೆಡವುವುದು ಅಂತಲೇ ಲೆಕ್ಕ ಇತ್ತು. ಊರಿನ ಜನ ಗುಂಪು ಕಟ್ಟಿಕೊಂಡು ಬೇಡ ಅಂದರು. ಕೊನೆಗೆ ಸರ್ಕಾರದವರೇ ಜಾಗ ಕೊಂಡುಕೊಂಡರು. ಆಗ ಈ ರೂರ್ ಪ್ರದೇಶಕ್ಕೇ ಹೊಸ ಜೀವ ಕೊಡುವ ಹತ್ತು ವರ್ಷದ ಒಂದು ದೊಡ್ಡ ಯೋಜನೆ ಬಂತು, 1989ರಿಂದ 1999ರವರೆಗೆ, ಐಬಿಎ ಎಂಶರ್ ಪಾರ್ಕ್ ಅಂತ ಹೆಸರು. ಅದರಡಿ ಸ್ಪರ್ಧೆ ಇಟ್ಟು ಪೀಟರ್ ಲಾಟ್ಸ್ ಅನ್ನುವ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್‌ಗೆ ಕೆಲಸ ಕೊಟ್ಟರು. 1994ರಲ್ಲಿ ಪಾರ್ಕ್ ತೆರೆಯಿತು. ಸುಮಾರು 180 ಹೆಕ್ಟೇರ್, ಅಂದರೆ 440 ಎಕರೆಗೂ ಜಾಸ್ತಿ. ದಿನದ 24 ಗಂಟೆಯೂ ತೆರೆದಿರುತ್ತದೆ, ಟಿಕೆಟ್ ಇಲ್ಲ.

ಐದನೇ ಫರ್ನೇಸಿನ ಕಾಸ್ಟ್ ಹೌಸ್, ಅಂದರೆ ಕರಗಿದ ಕಬ್ಬಿಣ ಹೊರಗೆ ಬಿಡುವ ಶೆಡ್, ಒಳಗೆ ಹೋದೆವು. ಅಲ್ಲಿ ಅಪ್ಪ ಬೇರೆಯೇ ಮನುಷ್ಯ ಆದರು. ನಾನು ಚಿಕ್ಕಂದಿನಿಂದ ಕಂಡ ಅಪ್ಪ ಕೆಲಸದಿಂದ ಬಂದು ಕಾಲು ತೊಳೆದು ಮಾತಿಲ್ಲದೆ ಕೂರುವವರು. ಇಲ್ಲಿ ಅವರ ಕೈ ಮಾತಾಡೋಕೆ ಶುರು ಮಾಡಿತು. ಇದು ಟ್ಯಾಪ್ ಹೋಲ್. ಇಲ್ಲಿ ಕೊರೆದು ತೂತು ಮಾಡಿದರೆ ಕಬ್ಬಿಣ ಹೊರಗೆ ಬರುತ್ತೆ. ಇದು ಮಡ್ ಗನ್, ಮಣ್ಣು ತುರುಕಿ ಮತ್ತೆ ಮುಚ್ಚೋಕೆ. ಇದು ರನ್ನರ್, ಕಬ್ಬಿಣ ಹರಿಯುವ ಕಾಲುವೆ. ಕಿಟ್ಟ ಹಗುರ, ಮೇಲೆ ತೇಲುತ್ತೆ, ಇಲ್ಲಿ ಬೇರೆಯಾಗಿ ಆ ಕಡೆ ಹೋಗುತ್ತೆ. ಅಪ್ಪನ ಫೌಂಡ್ರಿಯಲ್ಲಿ ಇದ್ದದ್ದು ಕಬ್ಬಿಣ ಕರಗಿಸುವ ಸಣ್ಣ ಕುಲುಮೆ, ಕ್ಯುಪೋಲಾ ಅಷ್ಟೇ, ಇಷ್ಟು ದೊಡ್ಡ ಫರ್ನೇಸ್ ಅವರು ಹತ್ತಿರದಿಂದ ಮುಟ್ಟಿದವರಲ್ಲ. ಆದರೂ ಒಂದೂ ಬೋರ್ಡ್ ಓದದೆ, ಜರ್ಮನ್ ಒಂದಕ್ಷರ ಬಾರದೆ, ಎಲ್ಲ ಹೇಳಿದರು. ರನ್ನರ್ ಅಂಚಿನಲ್ಲಿ ಕೂತು ಅಂಗೈ ಇಟ್ಟು ಸವರಿದರು. ತಣ್ಣಗಿತ್ತು. "ಇಲ್ಲಿ ನಿಂತವನ ಮುಖ ಬಲಗಡೆ ಮಾತ್ರ ಕಪ್ಪಾಗಿರುತ್ತೆ" ಅಂದರು. ನನಗೆ ಅಪ್ಪನ ಹಳೇ ಫೋಟೋಗಳು ನೆನಪಾದವು.

ಮೇಲೆ ಹತ್ತಿದೆವು, ಸುಮಾರು 70 ಮೀಟರ್, ಪೂರ್ತಿ ಮೆಟ್ಟಿಲು. ಅಪ್ಪನಿಗೆ 68 ವರ್ಷ, ಎರಡು ಕಡೆ ಕೂತು ಹತ್ತಿದರು. ಮೇಲಿನಿಂದ ನೋಡಿದರೆ ಒಂದು ಕಡೆ ಇನ್ನೂ ಹೊಗೆಯಾಡುತ್ತಿರುವ ಉಕ್ಕಿನ ಕಾರ್ಖಾನೆಗಳು, ಕೆಳಗೆ ಈ ಪಾರ್ಕಿನ ಹಸಿರು. ಅದಿರು ಸುರಿಯುತ್ತಿದ್ದ ಕಾಂಕ್ರೀಟ್ ಬಂಕರುಗಳ ಗೋಡೆಗೆ ಹಗ್ಗ ಕಟ್ಟಿಕೊಂಡು ಹುಡುಗರು ಹತ್ತುತ್ತಿದ್ದರು. ಗ್ಯಾಸ್ ತುಂಬಿಡುತ್ತಿದ್ದ ದೊಡ್ಡ ಟ್ಯಾಂಕಿಗೆ ನೀರು ತುಂಬಿಸಿದ್ದಾರೆ, 45 ಮೀಟರ್ ಅಗಲ, 13 ಮೀಟರ್ ಆಳ, ಅದರಲ್ಲಿ ಡೈವಿಂಗ್ ಕಲಿಸುತ್ತಾರೆ. ಇದೆಲ್ಲ ಪ್ರವಾಸದ ಪುಟಗಳಲ್ಲಿ ಸಿಗುತ್ತದೆ, ಹೆಚ್ಚು ಬರೆಯುವುದಿಲ್ಲ.

ಮೇಲೆ ನಿಂತು ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಕಪ್ಪು ಮರಳು, ಕಿಟ್ಟ, ಟಾರು... ಅದನ್ನೆಲ್ಲ ಎಲ್ಲಿ ಹಾಕಿದರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದ ಮೇಲೆ ಓದಿದೆ, ಆಫೀಸಿನಲ್ಲಿ ಇಂಥ ಕೆಲಸ ಮಾಡಿದ ಒಬ್ಬರನ್ನು ಕೇಳಿದೆ, ನಾಲ್ಕೈದು ರಾತ್ರಿ ಇದೇ ಆಯಿತು. ಓದಿದ್ದನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳುತ್ತಾ ಹೋದೆ. ಈ ಬರಹವೂ ಹಾಗೇ ಹುಟ್ಟಿದ್ದು.

ಜರ್ಮನಿಯಲ್ಲಿ ಇಂಥ ಜಾಗಕ್ಕೆ ಆಲ್ಟ್‌ಲಾಸ್ಟ್ ಅನ್ನುತ್ತಾರೆ. ಹಳೇ ಹೊರೆ. ಯಾರೋ ಹೊತ್ತು ತಂದು ಇಳಿಸಿ ಹೋದದ್ದು. ಪಾರ್ಕಿನ ಜಾಗದಲ್ಲಿ ಅತಿ ಕೆಟ್ಟದ್ದು ಎರಡು ಕಡೆ ಇತ್ತು. ಒಂದು, ಅದಿರಿನ ಪುಡಿಯನ್ನು ಸುಟ್ಟು ಗಟ್ಟಿ ಮಾಡುತ್ತಿದ್ದ ಸಿಂಟರ್ ಪ್ಲಾಂಟ್. ಇನ್ನೊಂದು, ಪಕ್ಕದ ಕಲ್ಲಿದ್ದಲು ಗಣಿಯ ಜೊತೆ ಇದ್ದ ಕೋಕ್ ಒಲೆಗಳ ಜಾಗ. ಕಲ್ಲಿದ್ದಲನ್ನು ಗಾಳಿ ಇಲ್ಲದೆ ಕಾಯಿಸಿ ಕೋಕ್ ಮಾಡುವಾಗ ಟಾರು ಇಳಿಯುತ್ತದೆ. ಅದರಲ್ಲಿರುವ ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೋಕಾರ್ಬನ್‌ಗಳಲ್ಲಿ ಕೆಲವು ಕ್ಯಾನ್ಸರ್ ತರುವಂಥವು. ನೀರಿನಲ್ಲಿ ಬೇಗ ಕರಗುವುದಿಲ್ಲ, ಮಣ್ಣಿಗೆ ಅಂಟಿಕೊಂಡು ಹತ್ತಾರು ವರ್ಷ ಕೂರುತ್ತವೆ.

ಇದಕ್ಕೆ ದಾರಿಗಳು ಕೆಲವೇ ಇವೆ. ಅಗೆದು ಬೇರೆ ಕಡೆ ಸಾಗಿಸಬಹುದು, ಆಗ ಲಾರಿಗಟ್ಟಲೆ ವಿಷ ಇನ್ನೊಬ್ಬರ ಊರಿಗೆ ಹೋಗುತ್ತದೆ, ದಾರಿಯುದ್ದಕ್ಕೂ ಧೂಳು. ಮಣ್ಣನ್ನು ತೊಳೆಯಬಹುದು, ಕಾಯಿಸಬಹುದು, ದುಬಾರಿ. ಇದ್ದಲ್ಲೇ ಮುಚ್ಚಿ, ಮಳೆ ನೀರು ಇಳಿಯದ ಹಾಗೆ ಮಾಡಿ, ವರ್ಷ ವರ್ಷವೂ ಅಂತರ್ಜಲ ಪರೀಕ್ಷೆ ಮಾಡುತ್ತಾ ಇರಬಹುದು. ಗಿಡ, ಸೂಕ್ಷ್ಮಜೀವಿ, ಕಾಲ, ಇವಕ್ಕೆ ಬಿಡಬಹುದು. ಲಾಟ್ಸ್ ತಂಡ ಒಂದೇ ಮದ್ದನ್ನು ಎಲ್ಲ ಕಡೆ ಹಚ್ಚಲಿಲ್ಲ. ಸಿಂಟರ್ ಪ್ಲಾಂಟ್ ಕೆಡವಲೇಬೇಕಾಯಿತು. ತೀರಾ ವಿಷದ ಮಣ್ಣನ್ನು ಅಲ್ಲೇ ಇದ್ದ ದಪ್ಪ ಕಾಂಕ್ರೀಟ್ ಬಂಕರುಗಳಿಗೆ ತುಂಬಿ, ಬಾಯಿ ಮುಚ್ಚಿ, ಮೇಲೆ ತೋಟ ಮಾಡಿದರು. ಟಾರು ಸ್ವಲ್ಪ ಇದ್ದ ಕಡೆ ಗಿಡಮರ ಬೆಳೆಯಲಿ ಅಂತ ಬಿಟ್ಟರು. ಅಪ್ಪ ನೋಡಿದ ಹಸಿರಿನಲ್ಲಿ ಎಷ್ಟೋ ಭಾಗ ಯಾರೂ ನೆಟ್ಟದ್ದಲ್ಲ. ಬರ್ಚ್ ಮರ ತಾನೇ ಬಂತು. ಅದಿರಿನ ಜೊತೆ ದೂರದೂರದ ದೇಶಗಳಿಂದ ಬಂದ ಬೀಜಗಳೂ ಮೊಳೆತಿವೆ. ಇಲ್ಲಿ 700ಕ್ಕೂ ಜಾಸ್ತಿ ಜಾತಿಯ ಗಿಡಗಳಿವೆ, ದಕ್ಷಿಣ ಆಫ್ರಿಕಾ ಮೂಲದ ಒಂದು ಹಳದಿ ಹೂವಿನ ಗಿಡವಂತೂ ಎಲ್ಲೆಲ್ಲೂ.

ನನಗೆ ಅತಿ ಇಷ್ಟವಾದ ವಿಷಯ ಇನ್ನೊಂದು. ಮಣ್ಣು ಎಷ್ಟು ಶುದ್ಧ ಇರಬೇಕು ಅನ್ನುವ ಪ್ರಶ್ನೆಗೆ ಜರ್ಮನ್ ನಿಯಮ ಒಂದೇ ಉತ್ತರ ಕೊಡುವುದಿಲ್ಲ. ಅಲ್ಲಿ ಯಾರು ಓಡಾಡುತ್ತಾರೆ ಅಂತ ಕೇಳುತ್ತದೆ. 1999ರ ನಿಯಮದಲ್ಲಿ ಸೀಸಕ್ಕೆ ಕೊಟ್ಟ ಅಂಕಿ ನೋಡಿ. ಮಕ್ಕಳು ಆಡುವ ಜಾಗದಲ್ಲಿ ಒಂದು ಕಿಲೋ ಮಣ್ಣಿಗೆ 200 ಮಿಲಿಗ್ರಾಂ ದಾಟಿದರೆ ಪರೀಕ್ಷೆ, ಬೇಕಾದರೆ ಕ್ರಮ. ಮನೆಗಳ ಜಾಗಕ್ಕೆ 400. ಪಾರ್ಕಿಗೆ 1,000. ಕಾರ್ಖಾನೆ ಜಾಗಕ್ಕೆ 2,000. ಮಗು ಕೂತು ಮಣ್ಣಲ್ಲಿ ಕೈ ಆಡಿಸಿ ಆ ಕೈ ಬಾಯಿಗೆ ಇಡುತ್ತದೆ, ಅದಕ್ಕೇ ಅದರ ಅಂಕಿ ಎಲ್ಲಕ್ಕಿಂತ ಕಡಿಮೆ. ಅಪ್ಪನಿಗೆ ಇದು ತಟ್ಟನೆ ಅರ್ಥವಾಯಿತು. "ಅಂದ್ರೆ ಮನೆ ಕಟ್ಟೋದಾದ್ರೆ ಪಾರ್ಕಿಗಿಂತ ಜಾಸ್ತಿ ಕ್ಲೀನ್ ಮಾಡಬೇಕು. ನಮ್ಮಲ್ಲಿ ನೇರ ಮನೇನೇ ಕಟ್ಟಿದರಲ್ವಾ" ಅಂದರು.

ನಮ್ಮ ದೇಶದಲ್ಲೂ ಈ ಅಂಕಿಯ ಜಗಳ ಆಗಿದೆ. ಕೊಡೈಕೆನಾಲ್‌ನ ಥರ್ಮಾಮೀಟರ್ ಕಾರ್ಖಾನೆ ನೆನಪಿರಬಹುದು. ಪಾದರಸ ಅಂಟಿದ ಗಾಜಿನ ಚೂರು ಗುಜರಿ ಅಂಗಡಿಯಲ್ಲಿ ಸಿಕ್ಕಿದ ಮೇಲೆ 2001ರಲ್ಲಿ ಅದು ಮುಚ್ಚಿತು. ಆ ಮಣ್ಣನ್ನು ಕಿಲೋಗೆ 20 ಮಿಲಿಗ್ರಾಂ ಪಾದರಸದವರೆಗೆ ಶುದ್ಧ ಮಾಡಿದರೆ ಸಾಕಾ, ಕಾಡಿನ ಪಕ್ಕದ ಬೆಟ್ಟ ಅದು, ಇನ್ನೂ ಕಡಿಮೆಗೆ ಇಳಿಸಬೇಕಾ ಅಂತ ವರ್ಷಗಟ್ಟಲೆ ವಾದ ನಡೆಯಿತು. ಅಲ್ಲಿನ ಜನ ಸುಮ್ನೆ ಹಠ ಮಾಡಲಿಲ್ಲ. ನೀರು ಯಾವ ಕಡೆ ಇಳಿಯುತ್ತೆ, ಕೆಳಗೆ ಯಾರಿದ್ದಾರೆ ಅಂತ ಅವರಿಗೆ ಗೊತ್ತಿತ್ತು.

ನೀರಿನ ಮಾತು ಬಂತಲ್ಲ, ಅದನ್ನೂ ಹೇಳಬೇಕು. ಪಾರ್ಕಿನ ನಡುವೆ ಹಳೇ ಎಂಶರ್ ಅಂತ ಒಂದು ಕಾಲುವೆ. ಎಂಶರ್ ನದಿ ನೂರು ವರ್ಷ ಈ ಪ್ರದೇಶದ ತೆರೆದ ಚರಂಡಿಯಾಗಿತ್ತು. ಕಲ್ಲಿದ್ದಲು ತೆಗೆದು ತೆಗೆದು ನೆಲ ಕುಸಿಯುತ್ತಿದ್ದ ಕಾರಣ ನೆಲದೊಳಗೆ ಪೈಪ್ ಹಾಕಿದರೆ ಒಡೆಯುತ್ತಿತ್ತು, ಅದಕ್ಕೆ ಊರಿನ ಮಲ, ಗಣಿಯ ನೀರು ಎಲ್ಲವನ್ನೂ ಕಾಂಕ್ರೀಟ್ ಕಾಲುವೆ ಮಾಡಿ ನದಿಗೇ ಬಿಟ್ಟರು. ಗಣಿಗಳು ಮುಚ್ಚಿ ನೆಲ ನಿಂತ ಮೇಲೆ, 1992ರಲ್ಲಿ ನದಿಯನ್ನು ನದಿ ಮಾಡುವ ಕೆಲಸ ಶುರುವಾಯಿತು. 51 ಕಿಲೋಮೀಟರಿನ ಮುಖ್ಯ ಕೊಳಚೆ ಸುರಂಗ, 500 ಕೋಟಿ ಯೂರೋಗೂ ಜಾಸ್ತಿ ಖರ್ಚು, 30 ವರ್ಷ. 2021ರ ಕೊನೆಗೆ ಎಂಶರ್‌ಗೆ ಕೊಳಚೆ ಬೀಳುವುದು ನಿಂತಿತು. ಪಾರ್ಕಿನಲ್ಲಿ ಮಾತ್ರ ಈ ಕೆಲಸ ಮೊದಲೇ ಆಗಿತ್ತು. ಅಲ್ಲಿ ಕೊಳಚೆ ಈಗ ಕೆಳಗಿನ ಪೈಪಿನಲ್ಲಿ ಹೋಗುತ್ತದೆ, ಮೇಲಿನ ಕಾಲುವೆಯಲ್ಲಿ ಹಳೇ ಶೆಡ್ಡುಗಳ ಚಾವಣಿಯಿಂದ ಇಳಿದ ಮಳೆ ನೀರು. ಅಪ್ಪ ಅದರ ದಡದಲ್ಲಿ ಕೂತು ಬುತ್ತಿ ಬಿಚ್ಚಿದರು. ಚಿತ್ರಾನ್ನ ತಿಂದೆವು. ನೀರಿನ ಮೇಲೆ ನೀಲಿ ಏರೋಪ್ಲೇನ್ ಚಿಟ್ಟೆಗಳು ಹಾರಾಡುತ್ತಿದ್ದವು.

ಇಲ್ಲಿ ಎಲ್ಲವೂ ಸರಿ ಅಂತ ನಾನು ಹೇಳುತ್ತಿಲ್ಲ. ಇದೇ ಎಂಶರ್ ದಂಡೆಯಲ್ಲಿ ಡಾರ್ಟ್‌ಮುಂಡ್‌ನ ಹೋರ್ಡೆ ಅನ್ನುವ ಕಡೆ ಇನ್ನೊಂದು ಉಕ್ಕಿನ ಕಾರ್ಖಾನೆ ಇತ್ತು, 2001ರಲ್ಲಿ ಮುಚ್ಚಿತು. ಅದನ್ನು ಚೀನಾದ ಕಂಪನಿ ಕೊಂಡುಕೊಂಡಿತು. ನೂರಾರು ಚೀನೀ ಕೆಲಸಗಾರರು ಬಂದು ಪ್ರತಿ ತುಂಡಿಗೂ ಗುರುತು ಹಾಕಿ ಬಿಚ್ಚಿ ಹಡಗಿನಲ್ಲಿ ಸಾಗಿಸಿದರು. ಆ ಜಾಗದಲ್ಲಿ ಈಗ 24 ಹೆಕ್ಟೇರಿನ ಕೆರೆ, ಫೀನಿಕ್ಸ್ ಜೇ ಅಂತ. 2010ರಲ್ಲಿ ನೀರು ತುಂಬಿಸಿದರು. ಸುತ್ತಲೂ ಬಿಳೀ ಗೋಡೆಯ ದುಬಾರಿ ಮನೆಗಳು, ಕಾಫಿ ಅಂಗಡಿಗಳು. ಕೆಲಸ ಅಚ್ಚುಕಟ್ಟು, ಒಪ್ಪುತ್ತೇನೆ, ಸಂಜೆ ಹೋದರೆ ಖುಷಿಯಾಗುತ್ತದೆ. ಆದರೆ ಆ ಕಾರ್ಖಾನೆಯಲ್ಲಿ ದುಡಿದ ಎಷ್ಟು ಜನಕ್ಕೆ ಆ ಕೆರೆ ಕಡೆಯ ಬಾಲ್ಕನಿ ಸಿಕ್ಕಿರಬಹುದು? ನನಗೆ ಡ್ಯೂಸ್‌ಬುರ್ಗ್ ಜಾಸ್ತಿ ಹಿಡಿಸುವುದು ಇದಕ್ಕೇ. ಅಲ್ಲಿ ಹಳೇ ಕೆಲಸಗಾರ ಟಿಕೆಟ್ ಇಲ್ಲದೆ ಒಳಗೆ ಬಂದು ತಾನು ನಿಂತಿದ್ದ ಜಾಗದಲ್ಲೇ ನಿಂತು ಮೊಮ್ಮಗುವಿಗೆ ತೋರಿಸಬಹುದು.

ಈಗ ನಾನು ಹೇಳಬೇಕು ಅಂತ ಹೊರಟ ಮಾತು. ಕಾರ್ಖಾನೆ ಜಾಗ ಶುದ್ಧ ಮಾಡುವ ಕೆಲಸದ ಮೊದಲ ಮೆಟ್ಟಿಲು ಮಣ್ಣು ಕೊರೆಯುವ ಡ್ರಿಲ್ ಅಂತ ನಾನು ಅಂದುಕೊಂಡಿದ್ದೆ. ಅಲ್ಲ. ಇಲ್ಲಿ ಮೊದಲು ಮಾಡುವುದು ಆ ಜಾಗದ ಚರಿತ್ರೆ ಹುಡುಕುವುದು. ಹಳೇ ನಕ್ಷೆ, ಪರವಾನಗಿ ಕಾಗದ, ವಿಮಾನದಿಂದ ತೆಗೆದ ಹಳೇ ಫೋಟೋ, ಆಮೇಲೆ ಅಲ್ಲಿ ಕೆಲಸ ಮಾಡಿದವರನ್ನು ಕೂರಿಸಿಕೊಂಡು ಕೇಳುವುದು. ಎಣ್ಣೆ ಟ್ಯಾಂಕ್ ಎಲ್ಲಿತ್ತು, ಆಸಿಡ್ ತೊಟ್ಟಿ ಎಲ್ಲಿತ್ತು, ಕಸ ಎಲ್ಲಿ ಸುರಿಯುತ್ತಿದ್ದಿರಿ, ಯಾವ ಹೊಂಡ ಯಾವಾಗ ಮುಚ್ಚಿದಿರಿ. ಆ ಉತ್ತರ ನೋಡಿಕೊಂಡು ಎಲ್ಲಿ ಕೊರೆಯಬೇಕು ಅಂತ ಗುರುತು ಮಾಡುತ್ತಾರೆ. ಅದಿಲ್ಲದೆ ನೂರು ಎಕರೆಯಲ್ಲಿ ಹತ್ತು ತೂತು ಕೊರೆದರೆ ಏನು ಸಿಗುತ್ತೆ? ಪಕ್ಕದಲ್ಲೇ ಇರುವ ಟಾರಿನ ಹೊಂಡ ತಪ್ಪಿಹೋಗುತ್ತದೆ, ರಿಪೋರ್ಟ್ ಮಾತ್ರ ಶುದ್ಧ ಬರುತ್ತದೆ. ಹೀಗೆ ಸಿಕ್ಕಿದ ಜಾಗಗಳನ್ನೆಲ್ಲ ಇಲ್ಲಿನ ನಗರಗಳು, ಜಿಲ್ಲೆಗಳು ಒಂದು ದಾಖಲೆಯಲ್ಲಿ ಇಡುತ್ತವೆ, ಜಾಗ ಕೊಳ್ಳುವವರು ಕೇಳಿ ತಿಳಿದುಕೊಳ್ಳಬಹುದು.

ಇದನ್ನು ಹೇಳಿದಾಗ ಅಪ್ಪನಿಗೆ ನಂಬಿಕೆ ಬರಲಿಲ್ಲ. "ಕೆಲಸದವರನ್ನ ಕೇಳ್ತಾರಾ?" ಅಂತ ಎರಡು ಸಲ ಕೇಳಿದರು. ಅವರ ಫೌಂಡ್ರಿ ಮುಚ್ಚುವಾಗ ಅವರನ್ನು ಕೇಳಿದ್ದು ಸಹಿ ಮಾತ್ರ.

ನಮ್ಮಲ್ಲೂ ಈಗ ನಿಯಮ ಬಂದಿದೆ. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ಜಾಗಗಳ ನಿರ್ವಹಣೆಗೆ ಅಂತಲೇ ಹೊಸ ನಿಯಮ ತಂದಿತು. ಅನುಮಾನ ಇರುವ ಜಾಗಗಳ ಪಟ್ಟಿಯನ್ನು ಜಿಲ್ಲಾಡಳಿತ ರಾಜ್ಯದ ಮಾಲಿನ್ಯ ಮಂಡಳಿಗೆ ಕೊಡಬೇಕು, ಮಂಡಳಿ ಪರೀಕ್ಷೆ ಮಾಡಿಸಬೇಕು, ಕೆಡಿಸಿದವರೇ ಶುದ್ಧ ಮಾಡುವ ಖರ್ಚು ಹೊರಬೇಕು. ಓದಿದಾಗ ನಿಜಕ್ಕೂ ಸಂತೋಷ ಆಯಿತು. ಇಷ್ಟು ವರ್ಷ ಇದಕ್ಕೆ ಅಂತ ಒಂದು ದಾರಿಯೇ ಇರಲಿಲ್ಲ. ಆದರೆ ಜಿಲ್ಲಾ ಕಚೇರಿಯಲ್ಲಿ ಕೂತವರಿಗೆ ಅನುಮಾನ ಹುಟ್ಟಬೇಕಾದರೆ ಯಾರಾದರೂ ಹೋಗಿ ಹೇಳಬೇಕಲ್ವಾ? ಮೇಲೆ ಕೆಂಪು ಮಣ್ಣು ಹೊಡೆದು ಕಲ್ಲು ನೆಟ್ಟ ಜಾಗ ನೋಡಿದರೆ ಎಲ್ಲ ಲೇಔಟಿನ ಹಾಗೇ ಕಾಣುತ್ತದೆ. ಕೆಳಗೆ ಏನಿದೆ ಅಂತ ಗೊತ್ತಿರುವವರು ಈಗ 65, 70, 75 ವರ್ಷದವರು. ಅವರು ದೇವಸ್ಥಾನದ ಕಟ್ಟೆಯ ಮೇಲೆ, ಪೆನ್ಷನ್ ಕ್ಯೂನಲ್ಲಿ, ಆಸ್ಪತ್ರೆಯಲ್ಲಿ ಸಿಗುತ್ತಾರೆ. ಪ್ರತಿ ವರ್ಷ ಕೆಲವರು ಹೋಗಿಬಿಡುತ್ತಾರೆ.

ಬೆಂಗಳೂರನ್ನೇ ತಗೊಳ್ಳಿ. ಬಿನ್ನಿ ಮಿಲ್ಲಿನ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿವೆ. ಬೈಯಪ್ಪನಹಳ್ಳಿಯಲ್ಲಿ ಎನ್‌ಜಿಇಎಫ್ ಇತ್ತು, ಟ್ರಾನ್ಸ್‌ಫಾರ್ಮರ್, ಮೋಟಾರ್ ಮಾಡುತ್ತಿದ್ದ ದೊಡ್ಡ ಕಾರ್ಖಾನೆ, ಜರ್ಮನಿಯ ಎಇಜಿ ಕಂಪನಿಯ ಸಹಯೋಗದಲ್ಲಿ ಶುರುವಾದದ್ದು, 2002ರಲ್ಲಿ ಮುಚ್ಚಿತು. ಅಲ್ಲಿ ಪಾರ್ಕ್ ಮಾಡುವ ಮಾತು ಬಂದಾಗ ನನಗೆ ತುಂಬಾ ಆಸೆ ಹುಟ್ಟಿತು. ಮರಗಳು ಆಗಲೇ ಎತ್ತರ ಬೆಳೆದಿವೆ, ಹಳೇ ಶೆಡ್ಡುಗಳಿವೆ. ಗೇಟಿನ ಹತ್ತಿರ ಒಂದು ಟೇಬಲ್ ಹಾಕಿ, ಅಲ್ಲಿ ದುಡಿದವರನ್ನು ಒಂದು ವಾರ ಕರೆದು, ಕಾಫಿ ಕೊಟ್ಟು, ದೊಡ್ಡ ನಕ್ಷೆ ಹರಡಿ, ಎಣ್ಣೆ ಎಲ್ಲಿ ತುಂಬುತ್ತಿದ್ದಿರಿ ತೋರಿಸಿ ಅಂದರೆ ಸಾಕು. ಇದಕ್ಕೆ ಕೋಟಿ ಬೇಡ. ಊರಲ್ಲಿ ಕಾಲೇಜು ಹುಡುಗರು ಮಾಡಬಹುದು, ನಿವೃತ್ತರ ಸಂಘ ಮಾಡಬಹುದು. ನಿಮ್ಮ ಮನೆಯಲ್ಲೇ ಅಂಥ ಅಪ್ಪ, ಮಾವ, ಅಜ್ಜ ಇದ್ದರೆ ಈ ಭಾನುವಾರವೇ ಕೂತು ಕೇಳಿ. ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ದಯವಿಟ್ಟು.

ಅಪ್ಪ ಊರಿಗೆ ಹೊರಡುವ ಹಿಂದಿನ ದಿನ ನಾನು ಆಫೀಸಿಂದ ಬಂದಾಗ ಅಡುಗೆಮನೆ ಟೇಬಲ್ ಮೇಲೆ ಮಗಳ ಡ್ರಾಯಿಂಗ್ ಶೀಟ್ ಹರಡಿಕೊಂಡು ಕೂತಿದ್ದರು. ಪೆನ್ಸಿಲ್‌ನಲ್ಲಿ ಗೇಟ್ ಬರೆದಿದ್ದರು, ಕ್ಯುಪೋಲಾ, ಮೋಲ್ಡಿಂಗ್ ಶೆಡ್, ಕೋರ್ ಶಾಪ್, ಎರಕ ಉಜ್ಜಿ ನಯ ಮಾಡುವ ಫೆಟ್ಲಿಂಗ್. ಹೆಜ್ಜೆ ಲೆಕ್ಕದಲ್ಲಿ ಅಳತೆ. ಗೇಟಿನಿಂದ ಕೋರ್ ಶಾಪಿಗೆ 140 ಹೆಜ್ಜೆ. ಮಗಳು ಪಕ್ಕದಲ್ಲಿ ಕೂತು, ತಾತ ಹೇಳಿದ ಕಡೆಗೆಲ್ಲ ಕಪ್ಪು ಕ್ರೇಯಾನ್ ಹಚ್ಚುತ್ತಿದ್ದಳು. ಕೋರ್ ಶಾಪ್ ಹಿಂದೆ ಕಪ್ಪು. ಬೇಲಿಯ ಉದ್ದಕ್ಕೂ ಕಪ್ಪು. ಹುಣಸೆ ಮರದ ಹತ್ತಿರ ಒಂದು ಚೌಕ ಬರೆದು ಅಪ್ಪ ನಿಂತುಬಿಟ್ಟರು. ಅದು ಕ್ವೆಂಚಿಂಗ್ ಆಯಿಲ್, ಅಂದರೆ ಕಾದ ಲೋಹ ಅದ್ದಿ ತಣಿಸುವ ಎಣ್ಣೆ, ಹಾಕುತ್ತಿದ್ದ ಹೊಂಡ, ಮರದ ಈಚೆಗಾ ಆಚೆಗಾ ನೆನಪಾಗುತ್ತಿಲ್ಲ ಅಂದರು.

ಆಗ ಭಾರತದಲ್ಲಿ ರಾತ್ರಿ ಹತ್ತೂವರೆ. ಸಂಪ್ ತೆಗೆಸಿದ್ದ ಆ ಗೆಳೆಯರಿಗೇ ಫೋನ್ ಮಾಡಿದರು. ಸ್ಪೀಕರ್ ಹಾಕಿದ್ದರು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಆಚೆಗಪ್ಪ, ಪಂಪ್ ಹೌಸ್ ಪಕ್ಕ. ಯಾಕೆ ಈಗ?" ಅಂತ ಕೇಳಿತು. ಅಪ್ಪ ಚೌಕ ಅಳಿಸಿ, ಮರದ ಆಚೆಗೆ ಬರೆದರು. ನಂತರ ಆ ಲೇಔಟಿನ ಬೋರ್‌ವೆಲ್ ಎಲ್ಲಿ ಕೊರೆದಿದ್ದಾರೆ ಅಂತ ಕೇಳಿದರು.